ತಾಂತ್ರಿಕ ಸಮ್ಮೇಳನಗಳಲ್ಲಿ ಪೀರ್ ರಿವ್ಯೂ

ಒಬ್ಬ ಸಂಶೋಧಕ ಬರೆದ ಪ್ರಬಂಧವನ್ನು ಅದೇ ವಿಷಯದಲ್ಲಿ ಕೆಲಸ ಮಾಡುವ ಬೇರೆ ಸಂಶೋಧಕರು ಓದಿ, ಅದು ಪ್ರಕಟಣೆಗೆ ತಕ್ಕುದೋ ಅಲ್ಲವೋ ಎಂದು ಹೇಳುವ ಏರ್ಪಾಡಿಗೆ ಪೀರ್ ರಿವ್ಯೂ ಎಂದು ಹೆಸರು. ಬಹುತೇಕ ವಿಜ್ಞಾನಗಳಲ್ಲಿ ಇದು ನಿಯತಕಾಲಿಕಗಳ ಕೆಲಸ. ಭೌತವಿಜ್ಞಾನಿಯೋ ಜೀವವಿಜ್ಞಾನಿಯೋ ಸಮ್ಮೇಳನಕ್ಕೆ ಹೋಗುವುದು ಹೆಚ್ಚಾಗಿ ಮಾತಾಡಿಬರಲು. ಅಲ್ಲಿಗೆ ಒಂದು ಚಿಕ್ಕ ಸಾರಾಂಶ ಕಳಿಸಿದರೆ ಸಾಕಾಗುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ಲೆಕ್ಕವೇ ಬೇರೆ. ಇಲ್ಲಿ ಸಮ್ಮೇಳನವೇ ಮುಖ್ಯ ಪ್ರಕಟಣೆ. ಎಂಟು ಹತ್ತು ಪುಟಗಳ ಪೂರ್ಣ ಪ್ರಬಂಧ ಕಳಿಸಬೇಕು, ಮೂರು ನಾಲ್ಕು ಜನ ಅದನ್ನು ಓದಿ ಅಂಕ ಕೊಡುತ್ತಾರೆ, ಬಂದವುಗಳಲ್ಲಿ ಕಾಲುಭಾಗವೋ ಅದಕ್ಕಿಂತ ಕಡಿಮೆಯೋ ಒಳಗೆ ಬರುತ್ತವೆ. ಕೆಲಸಕ್ಕೆ ಅರ್ಜಿ ಹಾಕುವವರ ಬಯೋಡೇಟಾದಲ್ಲಿ ಮೊದಲು ಕಣ್ಣು ಬೀಳುವುದೂ ಈ ಸಮ್ಮೇಳನಗಳ ಹೆಸರಿನ ಮೇಲೆಯೇ.

ಉದಾಹರಣೆಗೆ, ಸ್ಟೀಫನ್ ಕುಕ್ ಎನ್‌ಪಿ-ಸಂಪೂರ್ಣತೆಯ ಕಲ್ಪನೆಯನ್ನು ಮುಂದಿಟ್ಟದ್ದು 1971ರ ಸ್ಟಾಕ್ ಸಮ್ಮೇಳನದಲ್ಲಿ. ಇಂದಿನ ಚಾಟ್‌ಬಾಟ್‌ಗಳಿಗೆಲ್ಲ ತಳಪಾಯವಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಹೊರಬಂದದ್ದು 2017ರ ನಿಪ್ಸ್ ಸಮ್ಮೇಳನದಲ್ಲಿ. ಇದೇ ಸಮ್ಮೇಳನ ಮರುವರ್ಷ ನ್ಯೂರಿಪ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇವೆರಡೂ ನಿಯತಕಾಲಿಕದ ದಾರಿ ಹಿಡಿದು ಬಂದವಲ್ಲ. ಕ್ಷೇತ್ರ ಓಡುವ ವೇಗಕ್ಕೆ ನಿಯತಕಾಲಿಕಗಳ ಒಂದೆರಡು ವರ್ಷದ ಕಾಯುವಿಕೆ ಹೊಂದುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆ ಕಾರಣ ಸರಿಯೇ, ಆದರೆ ಅದರ ಜೊತೆಗೆ ಇನ್ನೊಂದು ಪರಿಣಾಮವೂ ಬಂತು. ನಿಯತಕಾಲಿಕದ ಸಂಪಾದಕ ಅನುಮಾನವಿದ್ದರೆ ಪ್ರಬಂಧವನ್ನು ತಿದ್ದಲು ವಾಪಸ್ ಕಳಿಸಬಹುದು, ಮತ್ತೊಮ್ಮೆ ಓದಿಸಬಹುದು, ಆರು ತಿಂಗಳು ಬಿಟ್ಟು ನಿರ್ಧರಿಸಬಹುದು. ಸಮ್ಮೇಳನಕ್ಕೆ ಆ ಸೌಕರ್ಯವಿಲ್ಲ. ಸಭಾಂಗಣ ಗೊತ್ತುಮಾಡಿ ಆಗಿರುತ್ತದೆ, ದಿನಾಂಕ ನಿಗದಿಯಾಗಿರುತ್ತದೆ, ಇಂಥ ದಿನದೊಳಗೆ ಪಟ್ಟಿ ಹೊರಬೀಳಲೇಬೇಕು. ಈ ಪದ್ಧತಿಯ ಗುಣವೂ ದೋಷವೂ ಬಹುಪಾಲು ಈ ಗಡಿಯಾರದಿಂದ ಬಂದವು.

ಹಿನ್ನೆಲೆ

ಪೀರ್ ರಿವ್ಯೂ ವಿಜ್ಞಾನದಷ್ಟೇ ಹಳೆಯದು ಎಂಬ ನಂಬಿಕೆ ಇದೆ, ಅದು ನಿಜವಲ್ಲ. 1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ ಏನು ಅಚ್ಚಾಗಬೇಕೆಂಬುದು ಬಹುಮಟ್ಟಿಗೆ ಅವನದೇ ತೀರ್ಮಾನ. ಲಿಖಿತ ವರದಿಗಳ ಪದ್ಧತಿಯನ್ನು 1831ರಲ್ಲಿ ರಾಯಲ್ ಸೊಸೈಟಿಗೆ ಸೂಚಿಸಿದವನು ವಿಲಿಯಂ ಹ್ಯೂವೆಲ್. ಜಾರ್ಜ್ ಏರಿಯ ಖಗೋಳ ಪ್ರಬಂಧವೊಂದನ್ನು ಅವನೂ ಜಾನ್ ಲಬಕ್ ಎಂಬಾತನೂ ಮೊದಲಿಗೆ ಓದಿದರು. ಹ್ಯೂವೆಲ್‌ನಿಗೆ ಅದರ ಹಿರಿಮೆಯನ್ನು ಸಾರಬೇಕಿತ್ತು, ಲಬಕ್‌ನಿಗೆ ಅದರ ತಪ್ಪುಗಳನ್ನು ತೋರಿಸಬೇಕಿತ್ತು. ಹೀಗೆ ಪದ್ಧತಿಯ ಮೊದಲ ಜೋಡಿಗೇ ಒಮ್ಮತ ಮೂಡಲಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹೊರಗಿನವರಿಂದ ಓದಿಸುವುದು ಎಲ್ಲೆಡೆ ಕಡ್ಡಾಯವೇನೂ ಆಗಿರಲಿಲ್ಲ. ಗುರುತ್ವ ತರಂಗಗಳ ಬಗ್ಗೆ ನೇಥನ್ ರೋಸೆನ್ ಜೊತೆ ಬರೆದ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆ 1936ರಲ್ಲಿ ಇನ್ನೊಬ್ಬರಿಗೆ ಓದಲು ಕೊಟ್ಟಿತೆಂದು ಐನ್‌ಸ್ಟೈನ್ ಸಿಟ್ಟಾಗಿ ಅದನ್ನು ಹಿಂದಕ್ಕೆ ಪಡೆದರು. ಓದಿದವರು ಹಿಡಿದಿದ್ದ ತಪ್ಪು ನಿಜವಾದ ತಪ್ಪೇ ಆಗಿತ್ತು. ಪ್ರಬಂಧ ಮುಂದೆ ಬೇರೊಂದು ಪತ್ರಿಕೆಯಲ್ಲಿ ತಿದ್ದಿದ ರೂಪದಲ್ಲಿ ಬಂತು. ‘ನೇಚರ್’ ಪತ್ರಿಕೆ ಹೊರಗಿನ ವಿಮರ್ಶೆಯನ್ನು ಕಡ್ಡಾಯಗೊಳಿಸಿದ್ದು 1973ರಲ್ಲಷ್ಟೇ.

ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳು ಬೇರೂರಿದ್ದೂ ಈ ಹೊತ್ತಿನಲ್ಲೇ. ಸೈದ್ಧಾಂತಿಕ ವಿಭಾಗದ ಫಾಕ್ಸ್ 1960ರಲ್ಲಿ, ಸ್ಟಾಕ್ 1969ರಲ್ಲಿ, ಪ್ರೋಗ್ರಾಮಿಂಗ್ ಭಾಷೆಗಳ ಪಾಪಲ್ 1973ರಲ್ಲಿ ಶುರುವಾದವು. ನ್ಯೂರಲ್ ನೆಟ್‌ವರ್ಕ್‌ಗಳ ನಿಪ್ಸ್ 1987ರಲ್ಲಿ. ನಮ್ಮಲ್ಲಿ ಈ ಸಾಲಿಗೆ ಸೇರುವುದು ಎಫ್‌ಎಸ್‌ಟಿಟಿಸಿಎಸ್. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಈ ವಾರ್ಷಿಕ ಸಮ್ಮೇಳನ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಹೊರದೇಶಗಳ ವಿಮರ್ಶಕರನ್ನೂ ಪ್ರೋಗ್ರಾಂ ಕಮಿಟಿಗೆ ಸೇರಿಸಿಕೊಂಡು ಇಂದಿಗೂ ನಡೆದುಬಂದಿದೆ.

ಕೆಲಸ ನಡೆಯುವ ಬಗೆ

ಸಮ್ಮೇಳನದ ವೈಜ್ಞಾನಿಕ ಭಾಗದ ಹೊಣೆ ಪ್ರೋಗ್ರಾಂ ಚೇರ್‌ಗಳದು; ಸಾಮಾನ್ಯವಾಗಿ ಇಬ್ಬರೋ ನಾಲ್ವರೋ ಇರುತ್ತಾರೆ. ಅವರ ಕೆಳಗೆ ಪ್ರೋಗ್ರಾಂ ಕಮಿಟಿ. ಎಲ್ಲರೂ ಅದನ್ನು ಕರೆಯುವುದು ಪಿಸಿ ಎಂದೇ. ಮೂವತ್ತು ನಲವತ್ತು ಜನರ ಪಿಸಿ ಇರುವ ಸಣ್ಣ ಸಮ್ಮೇಳನಗಳಲ್ಲಿ ಸದಸ್ಯರೇ ಓದಿ ಸದಸ್ಯರೇ ನಿರ್ಧರಿಸುತ್ತಾರೆ. ಸೈದ್ಧಾಂತಿಕ ಸಮ್ಮೇಳನಗಳಲ್ಲಿ ಸದಸ್ಯರು ತಮಗೆ ಬಂದ ಪ್ರಬಂಧವನ್ನು ಆ ಸೂಕ್ಷ್ಮವಿಷಯ ಬಲ್ಲ ಹೊರಗಿನವರಿಗೆ ಕೊಟ್ಟು ಅಭಿಪ್ರಾಯ ತರಿಸಿಕೊಳ್ಳುವ ರೂಢಿಯೂ ಇದೆ. ಸಾವಿರಗಟ್ಟಲೆ ಪ್ರಬಂಧ ಬರುವ ಕಡೆ ಈ ಗಾತ್ರ ಸಾಲದು. ಅಲ್ಲಿ ವಿಮರ್ಶಕರ ಮೇಲೆ ಏರಿಯಾ ಚೇರ್, ಅವರ ಮೇಲೆ ಸೀನಿಯರ್ ಏರಿಯಾ ಚೇರ್ ಎಂದು ಶ್ರೇಣಿಯೇ ಬೆಳೆದಿದೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಇಂದು ನಾನು ನಿನ್ನದನ್ನು ಓದಿದರೆ ನಾಳೆ ನನ್ನದನ್ನು ಇನ್ನೊಬ್ಬ ಓದುತ್ತಾನೆ ಎಂಬ ಲೇವಾದೇವಿಯ ಮೇಲೆ ಎಲ್ಲ ನಿಂತಿದೆ.

ಎಲ್ಲಕ್ಕೂ ಮೊದಲು ಡೆಡ್‌ಲೈನ್. ಅದನ್ನು ಬಹುತೇಕ ಸಮ್ಮೇಳನಗಳು ‘ಎಒಇ’ ಕಾಲಮಾನದಲ್ಲಿ ಹೇಳುತ್ತವೆ. ಭೂಮಿಯ ಯಾವ ಮೂಲೆಯಲ್ಲಾದರೂ ಆ ತಾರೀಖು ಇನ್ನೂ ಮುಗಿದಿಲ್ಲವಾದರೆ ಬಾಗಿಲು ತೆರೆದಿದೆ ಎಂಬುದು ಇದರರ್ಥ. ಹಾಗೆ ಎಲ್ಲರಿಗಿಂತ ಕೊನೆಗೆ ದಿನ ಮುಗಿಯುವುದು ಪೆಸಿಫಿಕ್ ಸಾಗರದ ಬೇಕರ್, ಹೌಲ್ಯಾಂಡ್ ದ್ವೀಪಗಳಲ್ಲಿ, ಮತ್ತು ಅಲ್ಲಿ ನರಪಿಳ್ಳೆಯೂ ವಾಸವಿಲ್ಲ. ಆ ನಿರ್ಜನ ದ್ವೀಪದಲ್ಲಿ ರಾತ್ರಿ 11:59 ಆದಾಗ ಬೆಂಗಳೂರಿನಲ್ಲಿ ಮರುದಿನ ಸಂಜೆ 5:29. ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬುಗಳಲ್ಲಾಗಲಿ ಊರಿನ ಕಂಪನಿಗಳ ಸಂಶೋಧನಾ ವಿಭಾಗಗಳಲ್ಲಾಗಲಿ ಮೇ ತಿಂಗಳ ಒಂದು ರಾತ್ರಿ ಯಾರೂ ಮಲಗದೆ, ಮರುದಿನ ಸಂಜೆ ಐದೂವರೆಗೆ ಎಲ್ಲರೂ ಒಮ್ಮೆಲೇ ಕಾಫಿಗೆ ಎದ್ದರೆ ಕಾರಣ ಈ ದ್ವೀಪಗಳು.

ಬಂದ ಪ್ರಬಂಧಗಳಲ್ಲಿ ಪುಟಮಿತಿ ಮೀರಿದವು, ಲೇಖಕರ ಹೆಸರು ಬಿಟ್ಟುಕೊಟ್ಟವು, ಇನ್ನೊಂದು ಕಡೆ ಏಕಕಾಲಕ್ಕೆ ಸಲ್ಲಿಸಿದವು ಓದುವ ಮೊದಲೇ ಹೊರಗೆ ಬೀಳುತ್ತವೆ. ಇದಕ್ಕೆ ಡೆಸ್ಕ್ ರಿಜೆಕ್ಟ್ ಎನ್ನುತ್ತಾರೆ. ಏಕಕಾಲಕ್ಕೆ ಎರಡು ಕಡೆ ಸಲ್ಲಿಸಬಾರದೆಂಬ ನಿಯಮ ಕಠಿಣ ಎನಿಸಬಹುದು. ಆದರೆ ಓದುವವರ ಪುಕ್ಕಟೆ ಶ್ರಮವನ್ನು ಎರಡೆರಡು ಸಲ ಖರ್ಚು ಮಾಡಿಸುವುದನ್ನು ತಡೆಯಲು ಬೇರೆ ದಾರಿ ಇಲ್ಲ.

ಯಾರಿಗೆ ಯಾವ ಪ್ರಬಂಧ

ಹೊರಗಿನವರು ಅಷ್ಟಾಗಿ ಗಮನಿಸದ, ಆದರೆ ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ತಿರುಗಿಸುವ ಹಂತ ಹಂಚಿಕೆ. ವಿಷಯ ಗೊತ್ತಿಲ್ಲದವರ ಕೈಗೆ ಸಿಕ್ಕ ಪ್ರಬಂಧಕ್ಕೆ ಮುಂದಿನ ಯಾವ ಹಂತದಲ್ಲೂ ಪೂರ್ತಿ ನ್ಯಾಯ ಸಿಗುವುದು ಕಷ್ಟ.

ಹಂಚಿಕೆಗೆ ಮೂರು ಬಗೆಯ ಮಾಹಿತಿ ಬೇಕು. ಒಂದು, ಬಿಡ್ಡಿಂಗ್: ಶೀರ್ಷಿಕೆ, ಸಾರಾಂಶ ನೋಡಿ ಓದಲು ಇಷ್ಟವಿದೆ, ಪರವಾಗಿಲ್ಲ, ಬೇಡ ಎಂದು ವಿಮರ್ಶಕರು ಗುರುತು ಹಾಕುವುದು. ಎರಡು, ವಿಮರ್ಶಕರ ಹಿಂದಿನ ಬರಹಗಳಿಗೂ ಸಲ್ಲಿಕೆಯಾದ ಪ್ರಬಂಧಕ್ಕೂ ಇರುವ ಹೋಲಿಕೆಯನ್ನು ಯಂತ್ರವೇ ಅಳೆಯುವುದು. ಟೊರಾಂಟೊದ ಲೋರಾಂ ಶಾರ್ಲಾಂ ಮತ್ತು ರಿಚರ್ಡ್ ಝೆಮೆಲ್ ಕಟ್ಟಿದ ವ್ಯವಸ್ಥೆ ಈ ದಿಸೆಯಲ್ಲಿ ಹೆಸರಾಯಿತು. ಮೂರು, ಹಿತಾಸಕ್ತಿಯ ಘರ್ಷಣೆ: ಒಂದೇ ಸಂಸ್ಥೆಯವರು, ಇತ್ತೀಚೆಗೆ ಜೊತೆಯಲ್ಲಿ ಬರೆದವರು, ಗುರು-ಶಿಷ್ಯರು, ನಂಟರು ಪರಸ್ಪರರ ಪ್ರಬಂಧ ಓದುವಂತಿಲ್ಲ. ಸಹಲೇಖಕರ ನಿರ್ಬಂಧ ಕೆಲವು ವರ್ಷಗಳಿಗೆ ಮುಗಿಯುತ್ತದೆ; ಗುರು-ಶಿಷ್ಯರದು ಹಲವು ಕಡೆ ಜೀವನಪರ್ಯಂತ. ಒಬ್ಬರಿಗೆ ಆರಕ್ಕಿಂತ ಹೆಚ್ಚು ಬೇಡ, ಪ್ರತಿ ಪ್ರಬಂಧಕ್ಕೆ ಮೂವರಾದರೂ ಬೇಕು ಎಂಬಂಥ ಮಿತಿಗಳನ್ನು ಇದರ ಜೊತೆ ಸೇರಿಸಿದರೆ, ಮೂಡುವುದು ಅಲ್ಗಾರಿದಮ್ ಪಠ್ಯಪುಸ್ತಕದಲ್ಲಿ ಬರುವ ಹಂಚಿಕೆಯ ಲೆಕ್ಕವೇ. ಒಟ್ಟು ಹೋಲಿಕೆಯನ್ನು ಗರಿಷ್ಠಗೊಳಿಸುವುದೊಂದೇ ಗುರಿಯಾದರೆ ವಿಚಿತ್ರ ವಿಷಯದ ಒಂದೆರಡು ಪ್ರಬಂಧಗಳನ್ನು ಯಾರಿಗಾದರೂ ತಳ್ಳಿ ಲೆಕ್ಕ ಸರಿಮಾಡಿಬಿಡಬಹುದು. ಆದ್ದರಿಂದ ಎಲ್ಲರಿಗಿಂತ ಹಿಂದೆ ಬಿದ್ದ ಪ್ರಬಂಧಕ್ಕೂ ತಕ್ಕಮಟ್ಟಿನ ವಿಮರ್ಶಕರು ಸಿಗುವಂತೆ ನೋಡುವ ವಿಧಾನಗಳು ಬಂದಿವೆ.

ಬಿಡ್ಡಿಂಗ್‌ನಲ್ಲಿ ಒಂದು ಕಳ್ಳಕಿಂಡಿಯೂ ಇದೆ. ಕೆಲವರು ಒಳಗೊಳಗೇ ಮಾತಾಡಿಕೊಂಡು, ಒಬ್ಬರ ಪ್ರಬಂಧಕ್ಕೆ ಇನ್ನೊಬ್ಬರು ಬಿಡ್ ಮಾಡಿ, ಸಿಕ್ಕಾಗ ಮೇಲಿನ ಅಂಕ ಕೊಟ್ಟುಕೊಳ್ಳುವ ಕೂಟಗಳ ಬಗ್ಗೆ ಬ್ರೌನ್ ವಿಶ್ವವಿದ್ಯಾಲಯದ ಮೈಕೆಲ್ ಲಿಟ್‌ಮನ್ 2021ರಲ್ಲಿ ಎಸಿಎಂ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅಂದಿನಿಂದ ಹಂಚಿಕೆಯಲ್ಲಿ ಬೇಕೆಂದೇ ಒಂದಷ್ಟು ಚೀಟಿ ಎತ್ತುವಿಕೆ ಬೆರೆಸುವ ಉಪಾಯಕ್ಕೆ ಬೆಲೆ ಬಂದಿದೆ. ಬಿಡ್ ಹಾಕಿದ್ದೇ ಸಿಗುತ್ತದೆಂಬ ಖಾತ್ರಿ ಇಲ್ಲವಾದರೆ ಒಳಒಪ್ಪಂದಕ್ಕೆ ಬೆಲೆ ಇಲ್ಲ.

ಈ ಲೆಕ್ಕಪತ್ರವನ್ನೆಲ್ಲ ಹಿಂದೆ ಚೇರ್‌ಗಳು ಕಾಗದದಲ್ಲಿ, ಅಂಚೆಯಲ್ಲಿ, ಆಮೇಲೆ ಇಮೇಲಿನಲ್ಲಿ ನಡೆಸುತ್ತಿದ್ದರು. 1999ರ ಕೆಡಿಡಿ ಸಮ್ಮೇಳನಕ್ಕಾಗಿ ಮೈಕ್ರೋಸಾಫ್ಟ್ ರಿಸರ್ಚ್‌ನ ಸುರಜಿತ್ ಚೌಧುರಿ ರೂಪಿಸಿದ ಸಿಎಂಟಿ, ಮ್ಯಾಂಚೆಸ್ಟರಿನ ಆಂದ್ರೇ ವೊರೊನ್‌ಕೊವ್ ಕಟ್ಟಿದ ಈಝಿಚೇರ್, ಎಡ್ಡಿ ಕೋಲರ್ ಬರೆದ ಹಾಟ್‌ಸಿಆರ್‌ಪಿ ಮುಂತಾದ ತಂತ್ರಾಂಶಗಳು ಆ ಹೊರೆ ಇಳಿಸಿದವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುವ ಸಮ್ಮೇಳನಗಳಿಗೂ ಇವತ್ತು ಪ್ರಬಂಧ ಸೇರುವುದು ಹೆಚ್ಚಾಗಿ ಇಂಥದ್ದರ ಮೂಲಕವೇ.

ವಿಮರ್ಶೆಯ ಪತ್ರ

ವಿಮರ್ಶಕರ ಮುಂದೆ ಬರುವ ನಮೂನೆಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಪ್ರಬಂಧ ಏನು ಹೇಳುತ್ತದೆಂದು ನಿಮ್ಮ ಮಾತಿನಲ್ಲಿ ಬರೆಯಿರಿ, ಬಲವೇನು, ಕೊರತೆಯೇನು, ಲೇಖಕರಿಗೆ ಪ್ರಶ್ನೆಗಳೇನು, ಒಟ್ಟು ಅಂಕ ಎಷ್ಟು, ನಿಮ್ಮ ತೀರ್ಪಿನ ಮೇಲೆ ನಿಮಗೆ ಎಷ್ಟು ಭರವಸೆ. ಮೊದಲ ಪ್ರಶ್ನೆ ಕಾಟಾಚಾರದ್ದಲ್ಲ. ಸಾರಾಂಶವನ್ನು ಸ್ವಂತ ಮಾತಿನಲ್ಲಿ ಬರೆಯಲಾಗದವರು ಪ್ರಬಂಧವನ್ನು ಓದಿಲ್ಲ ಅಥವಾ ಅವರಿಗೆ ಅರ್ಥವಾಗಿಲ್ಲ, ಅನುಭವಿ ಏರಿಯಾ ಚೇರ್ ಅದನ್ನು ಅಲ್ಲಿಯೇ ಹಿಡಿಯುತ್ತಾರೆ.

ಅಂಕದ ಅಳತೆಗೋಲಿನಲ್ಲೂ ಒಂದು ಜಾಣತನವಿದೆ. ಐಸಿಎಲ್ಆರ್ ಸಮ್ಮೇಳನ ಕೆಲವು ವರ್ಷ ಬಳಸಿದ ಅಳತೆ 1, 3, 5, 6, 8, 10. ಐದೆಂದರೆ ಗೆರೆಯಿಂದ ತುಸು ಕೆಳಗೆ, ಆರೆಂದರೆ ತುಸು ಮೇಲೆ. ನಡುವಿನ ನಾಲ್ಕೂ ಇಲ್ಲ, ಏಳೂ ಇಲ್ಲ. ಗೆರೆಯ ಮೇಲೇ ಕೂತು ಎರಡೂ ಕಡೆ ಕಾಲು ಇಳಿಬಿಡುವ ವಿಮರ್ಶಕರನ್ನು ಒಂದು ಕಡೆಗೆ ಇಳಿಸುವ ಉಪಾಯವಿದು. ಆದರೂ ಮೂವರಿಂದ 5, 5, 6 ಎಂದು ಬರುವುದು ತಪ್ಪುವುದಿಲ್ಲ, ಮತ್ತು ಆ ಮೂರು ಅಂಕಗಳಿಂದ ಏರಿಯಾ ಚೇರ್‌ಗೆ ತಿಳಿಯುವುದು ಹೆಚ್ಚೇನೂ ಇಲ್ಲ.

ಪಿಯುಸಿ ಉತ್ತರಪತ್ರಿಕೆ ತಿದ್ದುವವರ ಮುಂದೆ ಮಾದರಿ ಉತ್ತರಗಳಿರುತ್ತವೆ. ಇಬ್ಬರು ತಿದ್ದಿದರೆ ಅಂಕ ಎರಡು ಮೂರು ಆಚೀಚೆಯಾದೀತು, ಅಷ್ಟೆ. ಇಲ್ಲಿ ಮಾದರಿ ಉತ್ತರವೇ ಇಲ್ಲ. ಗಣಿತದ ಸಾಧನೆ ಸರಿಯಿದೆಯೇ, ಪ್ರಯೋಗವನ್ನು ತಕ್ಕ ವಿಧಾನಗಳ ಜೊತೆ ಹೋಲಿಸಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಹೌದು-ಇಲ್ಲ ಎನ್ನಬಹುದು. ಇದು ಹೊಸದೇ, ಇದರಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆಗಳು ಹಾಗಲ್ಲ. ಒಬ್ಬರ ಕಣ್ಣಿಗೆ ಸರಳ, ಸುಂದರ ಎನಿಸಿದ್ದು ಇನ್ನೊಬ್ಬರಿಗೆ ‘ಇಷ್ಟೇನಾ?’ ಎನಿಸುತ್ತದೆ. ಸರಳ ಉಪಾಯಗಳಿಗೆ ಈ ಪದ್ಧತಿಯಲ್ಲಿ ಮೊದಲಿಂದಲೂ ಅನ್ಯಾಯವಾಗುತ್ತ ಬಂದಿದೆ ಎಂದು ಹೇಳಬೇಕಾಗುತ್ತದೆ. ಚಿತ್ರಗಳಲ್ಲಿ ಗುರುತುಬಿಂದುಗಳನ್ನು ಹಿಡಿಯುವ ಡೇವಿಡ್ ಲೋ ಅವರ ಸಿಫ್ಟ್ ವಿಧಾನದ ಮೊದಲ ರೂಪಗಳನ್ನು ಐಸಿಸಿವಿ, ಸಿವಿಪಿಆರ್ ಸಮ್ಮೇಳನಗಳೆರಡೂ ತಿರಸ್ಕರಿಸಿದ್ದವು. ಮುಂದೆ ದಶಕಕ್ಕೂ ಮಿಕ್ಕಿ ಆ ಕ್ಷೇತ್ರವನ್ನು ಆಳಿದ್ದು ಅದೇ. ಪದಗಳನ್ನು ಸಂಖ್ಯೆಗಳ ಸಾಲಾಗಿಸುವ ವರ್ಡ್‌ಟುವೆಕ್‌ನ ಮೊದಲ ಪ್ರಬಂಧ 2013ರ ಐಸಿಎಲ್ಆರ್‌ನಲ್ಲಿ ದಾಟಲಿಲ್ಲ. ಅದರ ಮುಂದುವರಿಕೆಗೆ ಹತ್ತು ವರ್ಷದ ನಂತರ ನ್ಯೂರಿಪ್ಸ್ ಕಾಲದ ಪರೀಕ್ಷೆ ಗೆದ್ದ ಪ್ರಬಂಧವೆಂದು ಪ್ರಶಸ್ತಿ ಕೊಟ್ಟಿತು.

ಉತ್ತರ, ಚರ್ಚೆ, ತೀರ್ಪು

ವಿಮರ್ಶೆಗಳು ಬಂದ ಮೇಲೆ ಲೇಖಕರಿಗೆ ಒಂದು ವಾರದಷ್ಟು ಸಮಯ ಸಿಗುತ್ತದೆ. ಅವರು ಕೊಡುವ ಉತ್ತರಕ್ಕೆ ರಿಬಟಲ್ ಎನ್ನುತ್ತಾರೆ. ತಪ್ಪಾಗಿ ಅರ್ಥಮಾಡಿಕೊಂಡದ್ದನ್ನು ತಿಳಿಹೇಳುವುದು, ಕೇಳಿದ ಪ್ರಯೋಗವನ್ನು ಮಾಡಿ ತೋರಿಸುವುದು, ಸಿಟ್ಟನ್ನು ನುಂಗಿಕೊಳ್ಳುವುದು ಇದರ ಕಸುಬು. ಎರಡನೆಯ ವಿಮರ್ಶಕ ಎಂದರೆ ಒರಟ, ಪೂರ್ತಿ ಓದದವ, ತನ್ನ ಪ್ರಬಂಧವನ್ನು ಉಲ್ಲೇಖಿಸಿಲ್ಲವೆಂದು ಮುನಿಯುವವ ಎಂಬ ಹಾಸ್ಯ ಸಂಶೋಧಕರ ನಡುವೆ ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ರಿಬಟಲ್‌ನಿಂದ ಅಂಕ ಬದಲಾಗುತ್ತದೆಯೇ? ಭಾಷಾ ಸಂಸ್ಕರಣೆಯ ಎಸಿಎಲ್ 2018 ಸಮ್ಮೇಳನದ ದತ್ತಾಂಶವನ್ನು ನೋಡಿದವರಿಗೆ ಸಿಕ್ಕ ಉತ್ತರ ಲೇಖಕರಿಗೆ ಹಿತವಾಗಿರಲಿಲ್ಲ. ರಿಬಟಲ್‌ನ ಪ್ರಭಾವ ಅಲ್ಪ. ಅದಕ್ಕಿಂತ ಹೆಚ್ಚಾಗಿ ವಿಮರ್ಶಕರು ಜೊತೆಗಾರರ ಅಂಕ ಎತ್ತ ಇದೆಯೋ ಅತ್ತ ತಮ್ಮದನ್ನು ಸರಿಸಿಕೊಳ್ಳುತ್ತಾರೆ.

ಕೊನೆಯದು ಪಿಸಿ ಸಭೆ. ಹಿಂದೆಲ್ಲ ಸದಸ್ಯರು ವಿಮಾನ ಹತ್ತಿ ಒಂದೆಡೆ ಸೇರುತ್ತಿದ್ದರು. ಒಂದೊಂದೇ ಪ್ರಬಂಧದ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಆ ಪ್ರಬಂಧದೊಂದಿಗೆ ಸಂಬಂಧವಿರುವವರು ಎದ್ದು ಹೊರಗೆ ನಿಲ್ಲುತ್ತಾರೆ. ಚೇರ್ ಸ್ವತಃ ಸಂಬಂಧಿಯಾಗಿದ್ದರೆ ಅವರೂ ಹೋಗಬೇಕು. ಒಬ್ಬರು ಪ್ರಬಂಧದ ಪರವಾಗಿ ನಿಂತು ವಾದಿಸಲು ಸಿದ್ಧರಿದ್ದರೆ ಅದು ಉಳಿಯುವ ಸಂಭವ ಹೆಚ್ಚು. ಎಲ್ಲರೂ ಪರವಾಗಿಲ್ಲ ಎಂದು ಸುಮ್ಮನಾದರೆ ಸರಾಸರಿ ಅಂಕ ಚೆನ್ನಾಗಿದ್ದರೂ ಬಿದ್ದುಹೋಗುತ್ತದೆ. ಕೋವಿಡ್ ನಂತರ ಮುಖಾಮುಖಿ ಸಭೆ ಅಪರೂಪವಾಗಿದೆ. ದೊಡ್ಡ ಸಮ್ಮೇಳನಗಳಲ್ಲಿ ಚರ್ಚೆ ಅದಕ್ಕೂ ಮೊದಲೇ ಪರದೆಯ ಮೇಲಿನ ಟಿಪ್ಪಣಿಗಳಾಗಿತ್ತು. ಏರಿಯಾ ಚೇರ್ ಬರೆಯುವ ಮೆಟಾ-ರಿವ್ಯೂ ಅಲ್ಲಿ ತೀರ್ಪು.

ಎರಡು ಸಮಿತಿ, ಒಂದೇ ಪ್ರಬಂಧ

ಈ ತೀರ್ಪು ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಕಂಪ್ಯೂಟರ್ ವಿಜ್ಞಾನಿಗಳು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಈ ಪದ್ಧತಿಯ ಬಗ್ಗೆ ಯಾವ ಪ್ರಶಂಸೆ ಬಾಕಿ ಇದ್ದರೂ ಇದೊಂದು ಕಾರಣಕ್ಕೆ ಸಲ್ಲಬೇಕು.

2014ರ ನಿಪ್ಸ್‌ಗೆ 1678 ಪ್ರಬಂಧ ಬಂದಿದ್ದವು. ಚೇರ್‌ಗಳಾಗಿದ್ದ ಕೊರಿನಾ ಕೋರ್ಟೆಸ್ ಮತ್ತು ನೀಲ್ ಲಾರೆನ್ಸ್ ಸಮಿತಿಯನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿದರು. ಸುಮಾರು ಹತ್ತರಲ್ಲಿ ಒಂದು ಪ್ರಬಂಧ ಎರಡೂ ಭಾಗಗಳಿಗೆ ಹೋಯಿತು. ಲೇಖಕರಿಗೂ ವಿಮರ್ಶಕರಿಗೂ ಯಾವ ಪ್ರಬಂಧ ಹೀಗೆ ಹೋಗಿದೆ ಎಂಬುದು ತಿಳಿದಿರಲಿಲ್ಲ. ಲೆಕ್ಕಕ್ಕೆ ಸಿಕ್ಕ 166 ಪ್ರಬಂಧಗಳಲ್ಲಿ 43ರ ಮೇಲೆ ಎರಡು ಸಮಿತಿಗಳ ತೀರ್ಪು ಬೇರೆಬೇರೆಯಾಯಿತು. ಕೇಳಲು ಕಾಲುಭಾಗ, ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಒಪ್ಪಿಗೆಯ ಪ್ರಮಾಣವೇ ಶೇಕಡ 22.5ರ ಆಸುಪಾಸು ಇದ್ದದ್ದನ್ನು ನೆನಪಿಟ್ಟರೆ ಚಿತ್ರ ಬದಲಾಗುತ್ತದೆ. ಬರಿಯ ಚೀಟಿ ಎತ್ತಿ ಆರಿಸಿದ್ದರೂ ಸುಮಾರು ಶೇಕಡ 35 ಕಡೆ ಮಾತ್ರ ಭಿನ್ನಮತ ಬರುತ್ತಿತ್ತು. ಒಂದು ಸಮಿತಿ ಒಪ್ಪಿದ ಪ್ರಬಂಧಗಳಲ್ಲಿ ಸುಮಾರು ಅರ್ಧವನ್ನು ಇನ್ನೊಂದು ಸಮಿತಿ ಬೇಡವೆಂದಿತ್ತು.

ಏಳು ವರ್ಷದ ಮೇಲೆ, 9122 ಪ್ರಬಂಧಗಳು ಬಂದ 2021ರ ನ್ಯೂರಿಪ್ಸ್‌ನಲ್ಲಿ 882 ಪ್ರಬಂಧಗಳ ಮೇಲೆ ಇದೇ ಪ್ರಯೋಗ ಮತ್ತೆ ನಡೆಯಿತು. ಭಿನ್ನಮತ ಶೇಕಡ 23. ಸಮ್ಮೇಳನ ಐದು ಪಟ್ಟು ಬೆಳೆದರೂ ಭಿನ್ನಮತ ಏರಲಿಲ್ಲ, ಇಳಿಯಲೂ ಇಲ್ಲ. ಎರಡೂ ಸಲ ಕಂಡದ್ದು ಹೀಗೆ: ತೀರಾ ದುರ್ಬಲವಾದವನ್ನು ಇಬ್ಬರೂ ಗುರುತಿಸುತ್ತಾರೆ, ತೀರಾ ಒಳ್ಳೆಯ ಕೆಲವನ್ನು ಇಬ್ಬರೂ ಒಪ್ಪುತ್ತಾರೆ, ನಡುವಿನ ದೊಡ್ಡ ರಾಶಿ ಯಾರ ಕೈಗೆ ಬಿತ್ತು ಎಂಬುದರ ಮೇಲೆ ನಿಂತಿದೆ. ಗಡಿಯಾರ ಬಿಟ್ಟರೆ ಆ ರಾಶಿಯನ್ನು ಇನ್ನಷ್ಟು ಓದಿಸಿ ತೀರ್ಮಾನಿಸಬಹುದಿತ್ತೇನೋ. ಸಮ್ಮೇಳನಕ್ಕೆ ಹೌದು ಅಥವಾ ಇಲ್ಲ ಎರಡೇ ಉತ್ತರ.

2014ರ ಪ್ರಬಂಧಗಳು ಮುಂದೆ ಏನಾದವೆಂದು ಕೋರ್ಟೆಸ್ ಮತ್ತು ಲಾರೆನ್ಸ್ ನಂತರ ಹಿಂತಿರುಗಿ ನೋಡಿದರು. ಒಪ್ಪಿತವಾದವುಗಳಲ್ಲಿ ವಿಮರ್ಶಕರು ಕೊಟ್ಟ ಅಂಕಕ್ಕೂ ಮುಂದಿನ ವರ್ಷಗಳಲ್ಲಿ ಸಿಕ್ಕ ಉಲ್ಲೇಖಗಳಿಗೂ ಸಂಬಂಧವೇ ಕಾಣಲಿಲ್ಲ, ತಿರಸ್ಕೃತವಾದವುಗಳಲ್ಲಿ ಸಂಬಂಧವಿತ್ತು. ಜೊಳ್ಳನ್ನು ಬೇರ್ಪಡಿಸಲು ಈ ಜರಡಿ ಸಾಕು, ಗಟ್ಟಿಕಾಳುಗಳಲ್ಲಿ ದೊಡ್ಡದು ಯಾವುದೆಂದು ಹೇಳಲು ಸಾಲದು ಎಂದು ಇದನ್ನು ಓದಬಹುದು. ಬಡ್ತಿ, ನೇಮಕಾತಿ, ಫೆಲೋಶಿಪ್ ಸಮಿತಿಗಳು ಮಾತ್ರ ಆ ಎರಡನೆಯ ಕೆಲಸಕ್ಕೇ ಇದನ್ನು ಬಳಸುತ್ತಿವೆ.

ಹೆಸರು ಮುಚ್ಚುವುದು, ತೆರೆಯುವುದು

ವಿಮರ್ಶಕರ ಹೆಸರು ಲೇಖಕರಿಗೆ ತಿಳಿಯಬಾರದೆಂಬುದು ಹಳೆಯ ರೂಢಿ. ಲೇಖಕರ ಹೆಸರೂ ವಿಮರ್ಶಕರಿಗೆ ತಿಳಿಯಬಾರದೆಂಬ ‘ಡಬಲ್ ಬ್ಲೈಂಡ್’ ಪದ್ಧತಿ ಡೇಟಾಬೇಸ್ ಕ್ಷೇತ್ರದ ಸಿಗ್ಮಾಡ್‌ಗೆ 2001ರಲ್ಲಿ ಬಂತು, ಈಗ ಬಹುಪಾಲು ದೊಡ್ಡ ಸಮ್ಮೇಳನಗಳಲ್ಲಿ ಇದೆ. ಇದು ಬೇಕೇ ಎಂಬ ವಾದಕ್ಕೆ 2017ರ ಡಬ್ಲ್ಯುಎಸ್‌ಡಿಎಂ ಸಮ್ಮೇಳನದ ಪ್ರಯೋಗ ಉತ್ತರ ಕೊಟ್ಟಿತು. ಅರ್ಧ ವಿಮರ್ಶಕರಿಗೆ ಲೇಖಕರ ಹೆಸರು, ಸಂಸ್ಥೆ ತೋರಿಸಿದರು, ಉಳಿದರ್ಧಕ್ಕೆ ತೋರಿಸಲಿಲ್ಲ. ಹೆಸರು ಕಂಡವರು ಪ್ರಸಿದ್ಧ ಲೇಖಕರಿಗೂ ದೊಡ್ಡ ವಿಶ್ವವಿದ್ಯಾಲಯ, ಕಂಪನಿಗಳ ಪ್ರಬಂಧಗಳಿಗೂ ಗಣನೀಯವಾಗಿ ಹೆಚ್ಚು ಒಲವು ತೋರಿದರು. ಹುಬ್ಬಳ್ಳಿಯ ಅಥವಾ ಸುರತ್ಕಲ್ಲಿನ ಕಾಲೇಜಿನಿಂದ ಬರೆಯುವವರಿಗೆ ಹೆಸರು ಮುಚ್ಚಿದರೆ ಏನು ಲಾಭವೆಂದು ಬಿಡಿಸಿ ಹೇಳಬೇಕಿಲ್ಲ.

ಹೆಸರು ಮುಚ್ಚಿದರೂ ಬರವಣಿಗೆಯಿಂದ ಗೊತ್ತಾಗಿಯೇ ಆಗುತ್ತದೆ ಎಂಬುದು ವಿರೋಧಿಗಳ ಮಾತು. ಸಾಫ್ಟ್‌ವೇರ್ ಮತ್ತು ಪ್ರೋಗ್ರಾಮಿಂಗ್ ಭಾಷೆಗಳ ಮೂರು ಸಮ್ಮೇಳನಗಳ ವಿಮರ್ಶಕರನ್ನು 2016ರಲ್ಲಿ ಊಹಿಸಲು ಕೇಳಿದಾಗ, ಶೇಕಡ 74ರಿಂದ 90ರಷ್ಟು ವಿಮರ್ಶೆಗಳಲ್ಲಿ ಒಂದೂ ಸರಿಯಾದ ಊಹೆ ಇರಲಿಲ್ಲ. ಆರ್ಕೈವ್ ಎಂಬ ಜಾಲತಾಣದಲ್ಲಿ ಪ್ರಬಂಧವನ್ನು ಮೊದಲೇ ಹೆಸರಿನೊಂದಿಗೆ ಹಾಕುವ ಅಭ್ಯಾಸ ಹಬ್ಬಿದ ಕ್ಷೇತ್ರಗಳಲ್ಲಿ ಈ ಮುಸುಕು ಇಷ್ಟು ಗಟ್ಟಿಯಾಗಿ ಉಳಿಯಲಾರದು.

ಯಾನ್ ಲೆಕುನ್ ಮತ್ತು ಯೋಷುವಾ ಬೆಂಜಿಯೋ 2013ರಲ್ಲಿ ಆರಂಭಿಸಿದ ಐಸಿಎಲ್ಆರ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ವಿಮರ್ಶೆಗಳು, ಲೇಖಕರ ಉತ್ತರ, ಕೊನೆಯ ತೀರ್ಪು ಎಲ್ಲವೂ ಯಾರು ಬೇಕಾದರೂ ಓದುವಂತೆ ತೆರೆದಿರುತ್ತವೆ. ತಿರಸ್ಕೃತ ಪ್ರಬಂಧಗಳ ವಿಮರ್ಶೆಗಳೂ ಉಳಿಯುತ್ತವೆ. ಇದಕ್ಕೆ ಬಳಸುವ ಓಪನ್‌ರಿವ್ಯೂ ವ್ಯವಸ್ಥೆ ಮ್ಯಾಸಚೂಸೆಟ್ಸ್‌ನ ಆ್ಯಮ್‌ಹರ್ಸ್ಟ್‌ನಲ್ಲಿ ಆಂಡ್ರೂ ಮೆಕಲಂ ತಂಡದ್ದು. ಹೊಸದಾಗಿ ವಿಮರ್ಶೆ ಬರೆಯಲು ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮೊದಲು ಅದು ಗುರುವಿನ ಕೋಣೆಯಲ್ಲಷ್ಟೇ ಸಿಗುತ್ತಿದ್ದ ವಿದ್ಯೆ.

ವಿಮರ್ಶೆಯೇ ಇಲ್ಲದ ಸಮ್ಮೇಳನಗಳು

2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ವಿಜ್ಞಾನದ ಪ್ರಬಂಧದಂತೆ ಕಾಣುವ, ಅರ್ಥವಿಲ್ಲದ ಬರಹವನ್ನು ತಾನೇ ಹೆಣೆಯುವ ಸೈಜೆನ್ ಎಂಬ ಪ್ರೋಗ್ರಾಂ ಬರೆದು, ಅದರ ಒಂದು ಉತ್ಪನ್ನವನ್ನು ಡಬ್ಲ್ಯುಎಂಎಸ್‌ಸಿಐ ಎಂಬ ಸಮ್ಮೇಳನಕ್ಕೆ ಕಳಿಸಿದರು. ವಿಮರ್ಶೆಯಿಲ್ಲದೆ ಅದು ಸ್ವೀಕೃತವಾಯಿತು. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಪ್ರೋಗ್ರಾಂ ಬಳಸಿದ ಬರಹಗಳನ್ನು ಫ್ರಾನ್ಸಿನ ಸಿರಿಲ್ ಲಬೆ ಪತ್ತೆಹಚ್ಚಿದ ಮೇಲೆ, 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ 120ಕ್ಕೂ ಹೆಚ್ಚನ್ನು ಹಿಂತೆಗೆಯಬೇಕಾಯಿತು.

ನಮ್ಮಲ್ಲಿ ಇಂಥ ವ್ಯಾಪಾರಕ್ಕೆ ನಿಯಮವೇ ಗಿರಾಕಿ ಒದಗಿಸಿತು. ಯುಜಿಸಿಯ 2016ರ ನಿಯಮಾವಳಿ ಪಿಎಚ್‌ಡಿ ಸಲ್ಲಿಸುವ ಮೊದಲು ಒಂದು ಪತ್ರಿಕಾ ಪ್ರಬಂಧ ಮತ್ತು ಎರಡು ಸಮ್ಮೇಳನ ಮಂಡನೆಗಳನ್ನು ಕಡ್ಡಾಯ ಮಾಡಿತ್ತು. 2022ರ ನಿಯಮಾವಳಿ ಅದನ್ನು ಕೈಬಿಟ್ಟಿತು. ನಡುವಿನ ವರ್ಷಗಳಲ್ಲಿ ಎರಡು ದಿನದಲ್ಲಿ ಸ್ವೀಕೃತಿಪತ್ರ, ಶುಲ್ಕ ಕಟ್ಟಿದರೆ ಸರ್ಟಿಫಿಕೇಟು ಎಂಬ ಮಾದರಿ ಚೆನ್ನಾಗಿಯೇ ಬೆಳೆಯಿತು. ಗುರುತು ಹಿಡಿಯಲು ಹೆಚ್ಚು ವಿದ್ಯೆ ಬೇಡ: ಪಿಸಿಯ ಪಟ್ಟಿಯಲ್ಲಿರುವವರು ಆ ವಿಷಯದಲ್ಲಿ ಏನಾದರೂ ಬರೆದಿದ್ದಾರೆಯೇ, ವಿಮರ್ಶೆಯ ಪತ್ರದಲ್ಲಿ ನಿಮ್ಮ ಪ್ರಬಂಧಕ್ಕೆ ಮಾತ್ರ ಅನ್ವಯಿಸುವ ಒಂದಾದರೂ ವಾಕ್ಯವಿದೆಯೇ ಎಂದು ನೋಡಿದರೆ ಸಾಕು.

ಹೊರೆ ಮತ್ತು ಯಂತ್ರ

2025ರ ನ್ಯೂರಿಪ್ಸ್‌ಗೆ ಬಂದ ಪ್ರಬಂಧಗಳು 21,575. ಇಷ್ಟನ್ನು ಓದಲು ಬೇಕಾದ ತಜ್ಞರು ಭೂಮಿಯ ಮೇಲೆ ಇಲ್ಲ. ಆದ್ದರಿಂದ ಪ್ರಬಂಧ ಕಳಿಸುವವರೇ ಓದಬೇಕೆಂಬ ನಿಯಮಗಳು ಬಂದಿವೆ. ಪಿಎಚ್‌ಡಿಯ ಮೊದಲ ವರ್ಷದವರೂ ವಿಮರ್ಶಕರಾಗುತ್ತಿದ್ದಾರೆ. ಹೊಣೆಗೇಡಿಯಾಗಿ ಓದಿದವರ ಸ್ವಂತ ಪ್ರಬಂಧವನ್ನೇ ತಳ್ಳಿಹಾಕುವ ಶಿಕ್ಷೆಯನ್ನು 2025ರ ಸಿವಿಪಿಆರ್ ಜಾರಿಗೆ ತಂದಿತು.

ಹೊರೆಯ ಕೆಳಗೆ ಸಿಕ್ಕವರು ಭಾಷಾ ಮಾದರಿಗಳ ಕಡೆ ತಿರುಗಿದ್ದು ಅನಿರೀಕ್ಷಿತವಲ್ಲ. ಚಾಟ್‌ಜಿಪಿಟಿ ಬಂದ ನಂತರದ ಕೆಲವು ಸಮ್ಮೇಳನಗಳನ್ನು ಪರಿಶೀಲಿಸಿದ ಸ್ಟ್ಯಾನ್‌ಫರ್ಡ್ ತಂಡವೊಂದು, ವಿಮರ್ಶೆಗಳ ಪಠ್ಯದಲ್ಲಿ ಶೇಕಡ 6.5ರಿಂದ 16.9ರವರೆಗೆ ಯಂತ್ರದ ಗಣನೀಯ ಕೈವಾಡ ಇರಬಹುದೆಂದು 2024ರಲ್ಲಿ ಅಂದಾಜಿಸಿತು. ಲೇಖಕರೂ ಹಿಂದೆ ಬೀಳಲಿಲ್ಲ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಮನುಷ್ಯರಿಗೆ ಕಾಣದಂತೆ, ಈ ಪ್ರಬಂಧವನ್ನು ಹೊಗಳು ಎಂದು ಯಂತ್ರಕ್ಕೆ ಆಜ್ಞೆ ಬರೆದಿದ್ದ 17 ಪ್ರಬಂಧಗಳನ್ನು ಜಪಾನಿನ ನಿಕ್ಕೆ ಪತ್ರಿಕೆ 2025ರ ಜುಲೈನಲ್ಲಿ ಬಯಲಿಗೆಳೆಯಿತು. ಎಂಟು ದೇಶಗಳ 14 ಸಂಸ್ಥೆಗಳ ಹೆಸರು ಅದರಲ್ಲಿತ್ತು. ವಿಮರ್ಶಕರು ಯಂತ್ರ ಬಳಸಬಾರದು, ಬಳಸದಿದ್ದರೆ ಈ ಆಜ್ಞೆ ಯಾರಿಗೂ ತಗುಲದು ಎಂದು ಕೆಲವರು ಸಮರ್ಥಿಸಿಕೊಂಡರು. ಬಲೆ ಹಾಕಿದವರು ಹೊಗಳಿಕೆಯನ್ನೇ ಏಕೆ ಬೇಡಿದರು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. 2026ರ ಆರಂಭದ ಎಎಎಐ ಸಮ್ಮೇಳನ ಮುಚ್ಚುಮರೆ ಬಿಟ್ಟು, ಮನುಷ್ಯರ ವಿಮರ್ಶೆಗಳ ಜೊತೆಗೆ ಯಂತ್ರದ್ದೆಂದು ಗುರುತಿಸಿದ, ಅಂಕವಿಲ್ಲದ ಒಂದು ವಿಮರ್ಶೆಯನ್ನು ಸೇರಿಸುವ ಪ್ರಯೋಗ ಮಾಡಿತು.

ತೀರ್ಪಿನ ನಂತರ

ಒಪ್ಪಿತವಾದ ಪ್ರಬಂಧದ ಲೇಖಕರು ವಿಮರ್ಶೆಗಳನ್ನು ಅಳವಡಿಸಿ ಕ್ಯಾಮೆರಾ-ರೆಡಿ ಪ್ರತಿ ಕೊಡಬೇಕು. ಒಬ್ಬರಾದರೂ ಶುಲ್ಕ ಕಟ್ಟಿ ಮಂಡಿಸಬೇಕು. ಸಾಫ್ಟ್‌ವೇರ್ ಕ್ಷೇತ್ರದಲ್ಲಿ 2011ರಿಂದ ಇನ್ನೊಂದು ಹೆಜ್ಜೆ ಸೇರಿದೆ. ಪ್ರಬಂಧದ ಹಿಂದಿನ ಪ್ರೋಗ್ರಾಂ ಮತ್ತು ದತ್ತಾಂಶವನ್ನು ಬೇರೊಂದು ಸಮಿತಿ ತನ್ನ ಯಂತ್ರದಲ್ಲಿ ಓಡಿಸಿ ನೋಡುತ್ತದೆ; ಹೇಳಿದ ಫಲಿತಾಂಶ ಬಂದರೆ ಪ್ರಬಂಧದ ಮೊದಲ ಪುಟದ ಮೇಲೆ ಬ್ಯಾಡ್ಜ್ ಅಚ್ಚಾಗುತ್ತದೆ. ಈ ಸಮಿತಿಗಳಲ್ಲಿ ಹೆಚ್ಚಾಗಿ ಇರುವವರು ವಿದ್ಯಾರ್ಥಿಗಳು. ಹತ್ತು ಪುಟ ಓದಿ ತೀರ್ಪು ಹೇಳುವವರಿಗಿಂತ ಪ್ರಬಂಧದ ಬಗ್ಗೆ ಇವರಿಗೆ ಹೆಚ್ಚು ತಿಳಿದಿರುತ್ತದೆ ಎಂದರೂ ತಪ್ಪಿಲ್ಲ.

ತಿರಸ್ಕೃತವಾದದ್ದು ಮುಂದಿನ ಡೆಡ್‌ಲೈನ್ ಹಿಡಿಯುತ್ತದೆ: ಮೇ ತಿಂಗಳಲ್ಲಿ ನ್ಯೂರಿಪ್ಸ್‌ಗೆ ಹೋದದ್ದು ಸೆಪ್ಟೆಂಬರಿನಲ್ಲಿ ಐಸಿಎಲ್ಆರ್‌ಗೆ, ಅಲ್ಲೂ ಆಗದಿದ್ದರೆ ಜನವರಿಯಲ್ಲಿ ಐಸಿಎಂಎಲ್‌ಗೆ. ಪ್ರತಿ ಸಲವೂ ಹೊಸ ವಿಮರ್ಶಕರು, ಹೊಸ ಓದು, ಹಳೆಯ ವಿಮರ್ಶೆಗಳೆಲ್ಲ ಕಸದಬುಟ್ಟಿಗೆ. ಈ ದುಂದು ತಪ್ಪಿಸಲು ಡೇಟಾಬೇಸ್‌ನವರು 2008ರಲ್ಲಿ ವಿಎಲ್‌ಡಿಬಿಯ ಪ್ರಬಂಧಗಳನ್ನು ಪಿವಿಎಲ್‌ಡಿಬಿ ಎಂಬ ನಿಯತಕಾಲಿಕದ ರೂಪಕ್ಕೆ ತಂದು, ಮುಂದೆ ತಿಂಗಳಿಗೊಂದು ಡೆಡ್‌ಲೈನ್ ಇಟ್ಟು, ತಿದ್ದಿ ಮತ್ತೆ ತೋರಿಸಲು ಅವಕಾಶ ಕೊಟ್ಟರು. ಭಾಷಾ ಸಂಸ್ಕರಣೆಯವರು 2021ರಲ್ಲಿ ಆರಂಭಿಸಿದ ಎಸಿಎಲ್ ರೋಲಿಂಗ್ ರಿವ್ಯೂದಲ್ಲಿ ವಿಮರ್ಶೆ ಸಮ್ಮೇಳನದಿಂದಲೇ ಬೇರೆಯಾಗಿದೆ. ಪ್ರಬಂಧ ಒಮ್ಮೆ ವಿಮರ್ಶೆಯಾಗುತ್ತದೆ, ಲೇಖಕರು ಆ ವಿಮರ್ಶೆಗಳನ್ನು ಹಿಡಿದು ತಮಗೆ ಬೇಕಾದ ಸಮ್ಮೇಳನಕ್ಕೆ ಹೋಗುತ್ತಾರೆ, ಅಥವಾ ತಿದ್ದಿ ಸಾಧ್ಯವಾದಷ್ಟು ಅದೇ ವಿಮರ್ಶಕರ ಮುಂದೆ ಮತ್ತೆ ಇಡುತ್ತಾರೆ.